ಒಂದು ಹಾಸಿಗೆಯಷ್ಟು ಜಾಗ

ಜನವರಿ 6, ಸೋಮವಾರ. ಹಲಗೇರಿ

ಕತೆಯನ್ನು ಮೊದಲು ಹೇಳಿದವನು ಕರೇಕಟ್ಟಿಯ ತಿರಕಪ್ಪ. 1993, ಮೆಣಸಿನಕಾಯಿ ಸುಗ್ಗಿ. ಹೇಳಿದ್ದು ವಸ್ತಿ ಬಸ್ಸಿನ ಛಾವಣಿಯ ಮೇಲೆ. ಕೇಳಿದವರು ಹತ್ತು-ಹನ್ನೆರಡು ಮಂದಿ ಊರವರು, ಕಂಡಕ್ಟರ್ ಹಜರತಅಲಿ, ಡ್ರೈವರ್ ನಾನು. ಅರ್ಧ ಕತೆಗೇ ನನಗೆ ನಿದ್ದೆ ಹತ್ತಿತು.

ಇವತ್ತು ಟ್ರೇಲರಿನ ಮೇಲೆ ಮೊಣಕಾಲೂರಿ ಸೋಲಾರ್ ಪ್ಯಾನೆಲ್ಲಿಗೆ ಸೀಮೆಸುಣ್ಣದಿಂದ ಗೆರೆ ಎಳೆಯುತ್ತಿದ್ದಾಗ ಅದೇ ನೆನಪು. ತಗಡು ಬಿಸಿಲಿಗೆ ಕಾದಿತ್ತು. ಕಾದ ತಗಡಿನ ವಾಸನೆಗೂ ಆ ಬಸ್ಸಿಗೂ ಏನೋ ನಂಟು.

ಸಂಜೆ ಹಾವೇರಿ ಬಿಟ್ಟರೆ ಕಾಗಿನೆಲೆ ದಾಟಿ, ಕತ್ತಲಾದ ಮೇಲೆ ಕರೇಕಟ್ಟಿ. ಅಲ್ಲಿಗೆ ರಸ್ತೆ ಮುಗಿಯುತ್ತಿತ್ತು. ಬಸ್ಸು ರಾತ್ರಿ ಅಲ್ಲೇ. ಬೆಳಿಗ್ಗೆ ಐದೂವರೆಗೆ ವಾಪಸ್. ಊಟ ಯಾರದಾದರೂ ಮನೆಯಿಂದ. ಮಲಗುವುದು ಬಸ್ಸಿನ ಮೇಲೆ, ಲಗೇಜಿನ ಕಂಬಿಗಳ ನಡುವೆ. ಉಂಡವರು ಒಬ್ಬೊಬ್ಬರಾಗಿ ಏಣಿ ಹತ್ತಿ ಬರುತ್ತಿದ್ದರು. ಆಮೇಲೆ ಕತೆ. ಎಂಟು ವರ್ಷ ಆ ರೂಟು ಓಡಿಸಿದೆ. ನನ್ನ ಹತ್ತಿರ ಇರುವ ಕತೆಗಳೆಲ್ಲ ಆ ಛಾವಣಿಯ ಮೇಲಿಂದ ಬಂದವು.

ಈ ಟ್ರೇಲರ್ ಮೊದಲು ರಾಣೆಬೆನ್ನೂರಿನ ಬೀಜದ ಕಂಪನಿಯೊಂದರ ಪ್ರಚಾರದ ಗಾಡಿ. ದೀಪಾವಳಿಗೆ ಕೊಂಡೆ. ಎರಡು ಗಾಲಿ, ಹಿಂದೆ ಏಣಿ. ಒಳಗೆ ಎರಡು ಮಂಚ, ಗ್ಯಾಸ್ ಒಲೆ, ಪುಟ್ಟ ಫ್ರಿಜ್ ಕೂಡಿಸಿದ್ದೇನೆ. ಪಿಕಪ್ಪಿನ ಹಿಂದೆ ಕಟ್ಟಿ ಎಳೆಯುವುದು. ಜಯವ್ವ ಇದಕ್ಕೆ ಇಟ್ಟ ಹೆಸರು ‘ಡಬ್ಬಿ’. ನಲವತ್ತು ವರ್ಷ ಸಂಸಾರ ಮಾಡಿದವಳು — ಹೆಸರಿಡುವ ಹಕ್ಕು ಅವಳದು.

ಶಹಬಾಜ ಬಂದು ಛಾವಣಿ ಅಳೆದ. ಹಜರತಅಲಿಯ ಅಳಿಯ. ಬ್ಯಾಡಗಿಯಲ್ಲಿ ಸೋಲಾರ್ ಅಂಗಡಿ.

“ಕಾಕಾ, ಮೂರು ಪ್ಯಾನೆಲ್ ಆರಾಮ ಕೂಡ್ತಾವು.”

“ಎರಡ ಸಾಕಪಾ.”

“ಮತ್ತ ಈ ನಡುವಿನ ಜಾಗ?”

“ಹಾಸಿಗಿಗೆ.”

ನಗಲಿಲ್ಲ ಅವನು. ನನ್ನನ್ನು ನೋಡಿದ, ಏಣಿಯನ್ನು ನೋಡಿದ. “ಆ ಎದಿ ಇಟಗೊಂಡು ಮಾವಾರು ಮ್ಯಾಲ ಹತ್ತತಾರ ಅಂತ ತಿಳದೀರೇನ?”

“ಕುರ್ಚಿಗೆ ಹಗ್ಗ ಕಟ್ಟಿ ಎತ್ತತೇನಿ.”

ಟೇಪು ಸುತ್ತಿ ಜೇಬಿಗೆ ಹಾಕಿಕೊಂಡ.

ಜನವರಿ 9, ಗುರುವಾರ

ದಿನವಿಡೀ ಕೆಲಸ. ಛಾವಣಿಗೆ ತೂತು ಕೊರೆಯುವಾಗ ಮುಖ ಆಚೆ ತಿರುಗಿಸಿದೆ. ಒಳ್ಳೆಯ ಗಾಡಿಯ ನೆತ್ತಿಗೆ ತೂತು... ಡ್ರೈವರ್ ಜೀವ ಒಪ್ಪುವುದಿಲ್ಲ. ಪ್ರತಿ ಬೋಲ್ಟಿಗೂ ರಬ್ಬರ್ ವಾಷರ್, ಸುತ್ತ ಮೇಣದಂಥ ಪೇಸ್ಟ್. ಉದ್ದಕ್ಕೆ ಅಲ್ಯುಮಿನಿಯಂ ಪಟ್ಟಿ, ಅದರ ಮೇಲೆ ಪ್ಯಾನೆಲ್. ಕೆಳಗೆ ನಾಲ್ಕು ಬೆರಳು ಗಾಳಿ ಆಡಬೇಕಂತೆ. ಇಲ್ಲದಿದ್ದರೆ ಕಾದು ಕೆಲಸ ಕಡಿಮೆ ಮಾಡುತ್ತದೆ.

“ನಮ್ಮ ಹಾಂಗ,” ಅಂದೆ.

ಶಹಬಾಜ ಇನ್ನೊಂದು ಹೇಳಿದ. “ಇವು ಒಂದಕ್ಕೊಂದು ಕೈ ಹಿಡಕೊಂಡಿರತಾವು ಕಾಕಾ. ಒಂದರ ಮ್ಯಾಲ ನೆರಳ ಬಿದ್ರ ಎಲ್ಲಾವೂ ಮುನಿಸ್ಕೋತಾವು. ಗಿಡದ ಕೆಳಗ ನಿಲ್ಲಸಬ್ಯಾಡ್ರಿ. ಮ್ಯಾಲ ಏನೂ ಇಡಬ್ಯಾಡ್ರಿ.”

ಜಯವ್ವ ಆಗ ಒಳಗೆ ರೊಟ್ಟಿ ಬಡಿಯುತ್ತಿದ್ದಳು.

ಸಂಜೆಗೆ ಎರಡೂ ಕೂತವು. ವೈರು ಒಳಗಿಳಿಯಿತು. ಬ್ಯಾಟರಿ ಮಂಚದ ಕೆಳಗೆ. ಬಾಗಿಲ ಪಕ್ಕ ಸಣ್ಣ ಸ್ಕ್ರೀನು — ಬಿಸಿಲು ಎಷ್ಟು ಬರುತ್ತಿದೆ, ಬ್ಯಾಟರಿ ಎಷ್ಟು ತುಂಬಿದೆ, ಎಲ್ಲ ಅದರಲ್ಲಿ. ಮೋಡದ ಚೂರೊಂದು ಹಾದರೂ ಅಂಕಿ ಬೀಳುತ್ತದೆ. ಮೀಟರ್ ನೋಡುವ ಹಳೆಯ ಚಟ ಮತ್ತೆ ಹತ್ತಿತು.

ಶಹಬಾಜ ಹೋದ ಮೇಲೆ ಮೇಲೆ ಹತ್ತಿ ನಡುವಿನ ಜಾಗದಲ್ಲಿ ಮಲಗಿ ನೋಡಿದೆ. ಸರಿಯಾಗಿ ಒಬ್ಬರಿಗೆ. ಮಗ್ಗುಲಾದರೆ ಇಬ್ಬರಿಗೆ.

“ಇಳೀರಿ,” ಕೆಳಗಿನಿಂದ ಜಯವ್ವ. “ಓಣ್ಯಾಗಿನ ಮಂದಿ ಡ್ರೈವರ್‌ಗ ತಲಿ ಕೆಟ್ಟೈತಿ ಅಂತಾರ.”

ಜನವರಿ 12, ಭಾನುವಾರ. ಬ್ಯಾಡಗಿ

ಹಜರತಅಲಿಯ ಮನೆಗೆ ಹೋಗಿದ್ದೆ. ಬ್ಯಾಡಗಿ ಬಂತೆಂದು ಮೂಗಿಗೆ ಮೊದಲು ಗೊತ್ತಾಗುತ್ತದೆ. ಮಾರ್ಕೆಟ್ಟಿನ ಘಾಟು. ನನಗೆ ಸೀನು. ಅವನಿಗೆ ಮಾತ್ರ ಈ ಗಾಳಿ ಈಗ ಆಗುವುದಿಲ್ಲ. ಕಿಟಕಿ ಮುಚ್ಚಿ ಕೂತಿರುತ್ತಾನೆ. ಎದೆ ಸೋತಿದೆ. ರಾತ್ರಿಯಿಡೀ ಆಕ್ಸಿಜನ್ ಮಷೀನು ಬೇಕು. ಮಗಳು ಬೇನಜೀರ ಹೈಸ್ಕೂಲ್ ಟೀಚರು, ಅಪ್ಪನಿಗೂ ಅದೇ ಶಿಸ್ತು.

ಕಂಡಕ್ಟರ್ ಸೀಟಿ ಇನ್ನೂ ಜೇಬಿನಲ್ಲಿದೆ. ಊದುವ ಉಸಿರಿಲ್ಲ. ಸುಮ್ಮನೆ ಬೆರಳಲ್ಲಿ ತಿರುಗಿಸುತ್ತಾನೆ.

“ಏನಪಾ ಡ್ರೈವರ್, ಡಬ್ಬಿಗೆ ಕನ್ನಡಿ ಹಚ್ಚೀಯಂತ?”

“ಹಚ್ಚೇನಿ. ರಂಜಾನ್ ಚಂದ್ರ ಕಾಣೂದ್ರಾಗ ನಿನ್ನ ಕರೇಕಟ್ಟಿಗೆ ಒಯ್ಯಾಂವ. ಒಂದು ರಾತ್ರಿ ವಸ್ತಿ. ನೀ ಬಾಕಿ ಉಳಿಸಿದ ಕತಿ ಹೇಳಬೇಕು.”

“ನಾ ಎಲ್ಲಿ ಉಳಿಸೇನಿ? ಮಲಗಿದಾಂವ ನೀ.”

ನಿಜ. ತಿರಕಪ್ಪ ಕತೆ ಹೇಳುವಾಗ ಕೇಳುವವರು ‘ಹೂಂ’ ಅನ್ನುತ್ತಿರಬೇಕಿತ್ತು. ಹೂಂ ನಿಂತರೆ ಕತೆಯೂ ನಿಲ್ಲುತ್ತಿತ್ತು. ಆ ರಾತ್ರಿ ನನ್ನ ಹೂಂ ನಿಂತಿತು, ಹಜರತಅಲಿಯದು ನಿಲ್ಲಲಿಲ್ಲ. ಕೊನೆಯವರೆಗೂ ಕೇಳಿದ. ತಿರಕಪ್ಪ ಒಂದು ಕತೆಯನ್ನು ವರ್ಷಕ್ಕೊಮ್ಮೆಯೇ ಹೇಳುವವನು. ಮುಂದಿನ ಸುಗ್ಗಿಗೆ ಅವನೇ ಇರಲಿಲ್ಲ.

ನನಗೆ ಗೊತ್ತಿರುವುದು ಇಷ್ಟು. ಕರೇಕಟ್ಟಿಯ ಪಡುವಣಕ್ಕೆ ಗುಡ್ಡ. ಹೊತ್ತು ಬೇಗ ಅದರ ಹಿಂದೆ ಜಾರುತ್ತದೆ. ಅಲ್ಲೊಬ್ಬ ಮುದುಕಿ. ಅವಳ ಮೆಣಸಿನಕಾಯಿ ಯಾವತ್ತೂ ಪೂರ್ತಿ ಒಣಗುವುದಿಲ್ಲ. ಒಂದು ದಿನ ಸಿಟ್ಟಿಗೆದ್ದು ಸೂರ್ಯನಿಗೇ ಬೈದಳು — ಎಲ್ಲರ ಅಂಗಳದಲ್ಲಿ ಕೂತು ಬರುತ್ತೀಯ, ನನ್ನ ಅಂಗಳದಲ್ಲಿ ನಿಲ್ಲುವುದಿಲ್ಲ. ಸೂರ್ಯನಿಗೆ ನಾಚಿಕೆಯಾಯಿತು. ಒಂದು ಬೊಗಸೆ ಬಿಸಿಲು ಕೊಟ್ಟು, ಗಡಿಗೆಯಲ್ಲಿಟ್ಟುಕೋ, ನಿನಗಾಗಿ ಮಾತ್ರ ಮುಚ್ಚಳ ತೆಗೆಯಬೇಡ, ಬೇಡಿ ಬಂದವರಿಗೆ ತೆಗೆ, ಅಂದ. ವರ್ಷಗಳು ಹೋದವು. ಯಾರೂ ಬೇಡಲಿಲ್ಲ. ಒಂದು ಮಳೆಗಾಲ ಕತ್ತಲು ಹರಿಯಲೇ ಇಲ್ಲ. ಆಗ ಬಾಗಿಲು ಬಡಿದ ಸದ್ದು.

ಇಲ್ಲಿಗೆ ನಿದ್ದೆ. ಮೂವತ್ತೆರಡು ವರ್ಷ ಆ ಬಾಗಿಲ ಮುಂದೆಯೇ ನಿಂತಿದ್ದೇನೆ. ಯಾರು ಬಂದಿದ್ದು?

ಕೇಳಿದಾಗಲೆಲ್ಲ ಹಜರತಅಲಿಯದು ಒಂದೇ ಮಾತು. “ಬಸ್ಸಿನ ಮ್ಯಾಲ ಕೇಳಿದ ಕತಿ ಬಸ್ಸಿನ ಮ್ಯಾಲೇ ಹೇಳಬೇಕು.” ಆಮೇಲೆ ಡ್ಯೂಟಿ ಬೇರೆ ಬೇರೆಯಾಯಿತು. ಆ ರೂಟಿಗೆ ಹೊಸ ಬಸ್ಸು ಬಂತು, ಅದಕ್ಕೆ ಮೇಲೆ ಹತ್ತುವ ಏಣಿಯೇ ಇಲ್ಲ. ಇಬ್ಬರೂ ರಿಟೈರಾದೆವು. ಇವತ್ತು ಹೊರಡುವಾಗ ಮೆಲ್ಲಗೆ ಅಂದ —

“ಹೇಳಿಬಿಟ್ರ ನೀ ನಮ್ಮ ಮನಿಗೆ ಬರೂದು ಬಿಡ್ತಿ.”

“ಬಿಡೂದಿಲ್ಲೋ.”

“ಹಂಗಾರ ಏನ ಅವಸರ?”

ಬೇನಜೀರ ಗೇಟಿನವರೆಗೆ ಬಂದಳು. “ಕಾಕಾ, ಅಬ್ಬಾಗ ಆಸೆ ಹಚ್ಚೀರಿ. ಮೊದಲ ನಮ್ಮ ಮನಿ ಮುಂದ ಒಂದು ರಾತ್ರಿ ನಡಸಿ ತೋರಸ್ರಿ. ಮಷೀನು ಮುಂಜಾನಿ ತನಕ ನಿಲ್ಲಬಾರದು. ನಿಂತ್ರ ಎಲ್ಲೂ ಕಳಸೂದಿಲ್ಲ.”

ಟೀಚರ್ ಹೇಳಿದ ಮೇಲೆ ಮುಗಿಯಿತು.

ಜನವರಿ 14, ಮಂಗಳವಾರ

ಸಂಕ್ರಮಣ. ಜಯವ್ವ ಎಳ್ಳು ಹಚ್ಚಿದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಮಾಡಿದಳು. ಡಬ್ಬಿಯಲ್ಲೇ ಕೂತು ಉಂಡೆವು. ಪ್ಯಾನೆಲ್ಲುಗಳನ್ನು ಸೆರಗಿನಿಂದ ಒರೆಸಿ ಬಂದಳು. ಕನ್ನಡಿಗಿಂತ ಚಂದ ಹೊಳೆಯುತ್ತವೆ ಅಂದಳು. ಕುಂಕುಮ ಹಚ್ಚಲು ಹೊರಟಿದ್ದಳು — ಚೌಕಟ್ಟಿಗೆ ಹಚ್ಚಿಸಿದೆ.

ಜನವರಿ 19, ಭಾನುವಾರ. ಬೆಳಿಗ್ಗೆ 7

ನಿನ್ನೆ ಹಜರತಅಲಿಯ ಮನೆ ಮುಂದೆ ಟ್ರೇಲರ್ ನಿಲ್ಲಿಸಿ ಪರೀಕ್ಷೆ. ಅವನು ಒಳಗಿನ ಮಂಚದ ಮೇಲೆ, ಮೂಗಿಗೆ ನಳಿಗೆ. ಎದುರಿನ ಮಂಚದಲ್ಲಿ ನಾನು. ಮಷೀನು ಹೂಂ ಅನ್ನುತ್ತಲೇ ಇತ್ತು.

“ನಿನಗಿಂತ ಇದ ಛಲೋ,” ಅಂದ. “ನಿದ್ದಿ ಮಾಡೂದಿಲ್ಲ.”

ನಸುಕಿನ ಫಜರ್ ಅಜಾನಿಗೆ ಮೊದಲೇ ಹೂಂ ನಿಂತಿತು. ಬ್ಯಾಟರಿ ಖಾಲಿ. ಮನೆಯ ಕರೆಂಟಿನ ವೈರು ಬಾಗಿಲಲ್ಲೇ ಇತ್ತು, ಬೇನಜೀರ ತಕ್ಷಣ ಚುಚ್ಚಿದಳು. ಏನೂ ಆಗಲಿಲ್ಲ. ಆದರೆ ಅವಳ ಮುಖ.

ಶಹಬಾಜ ಸ್ಕ್ರೀನು ನೋಡಿದ. “ಬ್ಯಾಟರಿ ದೊಡ್ಡದ ಐತಿ ಕಾಕಾ. ತುಂಬಸೂ ಬಿಸಿಲ ಸಾಲವಲ್ದು.” ಅಷ್ಟೇ. ಛಾವಣಿಯ ಕಡೆ ನೋಡಲಿಲ್ಲ. ನೋಡದಿದ್ದದ್ದೇ ನನಗೆ ತಾಗಿತು.

ಹಜರತಅಲಿ ಮಾತ್ರ, “ಪರೀಕ್ಷಾದಾಗ ಡ್ರೈವರ್ ಫೇಲು,” ಅಂತ ನಗುತ್ತಿದ್ದ. ನಗು ಕೆಮ್ಮಾಯಿತು. ಕೆಮ್ಮು ಬಹಳ ಹೊತ್ತು ಇತ್ತು.

ಫೆಬ್ರುವರಿ 10, ಸೋಮವಾರ

ಬರೆಯಲು ಮನಸ್ಸಾಗಿರಲಿಲ್ಲ.

ಅವತ್ತಿನ ಕೆಮ್ಮು ಎದೆಗಿಳಿಯಿತು. ಹಾವೇರಿ ದವಾಖಾನೆ. ದಿನಾ ಹೋಗಿ ಕೂತು ಬಂದೆ. ಮಾತು ಬೇಡ ಅಂದಿದ್ದರು ಡಾಕ್ಟರು. ಅವನು ಸುಮ್ಮನಿರುವುದನ್ನು ನಾನು ನೋಡಿಯೇ ಇರಲಿಲ್ಲ. ಬಸ್ಸು ಖಾಲಿ ಇದ್ದರೂ ಮಾತಾಡುತ್ತಿದ್ದ ಮನುಷ್ಯ — ಸೀಟುಗಳ ಜೊತೆ.

ಒಂದು ಮಧ್ಯಾಹ್ನ ಎಲ್ಲರೂ ಚಹಾಕ್ಕೆ ಹೋದಾಗ ಕೇಳಿಬಿಡಲೇ ಅನ್ನಿಸಿತು. ಇಲ್ಲೇ, ಈ ಬಿಳಿ ಹಾಸಿಗೆಯಲ್ಲೇ. ಬಾಗಿಲು ಬಡಿದವರು ಯಾರು? ಬಾಯಿ ತೆರೆದೆ. ಅವನೂ ನೋಡಿದ, ಗೊತ್ತಾಯಿತು ಅವನಿಗೆ. ಬೆರಳು ಮೇಲೆತ್ತಿ ಛಾವಣಿ ತೋರಿಸಿದ. ಅಲ್ಲಿ, ಅಂದ ಹಾಗೆ. ನಾನು ಬಾಯಿ ಮುಚ್ಚಿದೆ.

ಮೊನ್ನೆ ಮನೆಗೆ ಬಂದಿದ್ದಾನೆ. ತೂಕ ಇಳಿದಿದೆ. ಜಯವ್ವ ರಾಗಿ ಅಂಬಲಿ ಕಳಿಸುತ್ತಿದ್ದಾಳೆ.

ಫೆಬ್ರುವರಿ 13, ಗುರುವಾರ

ಶಹಬಾಜನಿಗೆ ನಾನೇ ಫೋನ್ ಮಾಡಿದೆ. “ಮೂರನೇದು ತಗೊಂಡ ಬಾ.”

ಬಂದ. ಪಟ್ಟಿ ಕೂಡಿಸುವ ಮೊದಲು, “ಕಾಕಾ, ಚಾ ಕುಡದ ಬರತೇನಿ,” ಅಂತ ಇಳಿದು ಹೋದ. ಚಹಾ ಆಗಲೇ ಕುಡಿದಿದ್ದ.

ಒಬ್ಬನೇ ಮಲಗಿದೆ ಆ ನಡುವಿನ ಜಾಗದಲ್ಲಿ. ಹಗಲು, ನಕ್ಷತ್ರವಿಲ್ಲ. ಹದ್ದೊಂದು ಸುತ್ತುತ್ತಿತ್ತು. ಕರೇಕಟ್ಟಿಯಲ್ಲಿ ಹೀಗೇ ಮಲಗಿದರೆ ಒಂದು ಕಡೆ ಮೆಣಸಿನಕಾಯಿ ಚೀಲಗಳ ಬೆಚ್ಚಗಿನ ಒತ್ತು, ಇನ್ನೊಂದು ಕಡೆ ಹಜರತಅಲಿ. ಬೆಳಗಿನ ಬಸ್ಸಿಗೆ ಬ್ಯಾಡಗಿಗೆ ಹೋಗುವ ಚೀಲಗಳನ್ನು ಸಂಜೆಯೇ ಮೇಲೆ ಹೇರುತ್ತಿದ್ದರು. ಅವನ ಅಮ್ಮ ಕೊಟ್ಟ ಹಸಿರು ಕೌದಿ ಒಂದೇ, ಇಬ್ಬರಿಗೂ. ಚಳಿ ಹೆಚ್ಚಾದಾಗ ಎಳೆದಾಟ. ಬೆಳಿಗ್ಗೆ ಏಳುವಾಗ ಯಾವಾಗಲೂ ಕೌದಿ ನನ್ನ ಮೇಲೇ ಇರುತ್ತಿತ್ತು. ನಾನು ಎಳೆದುಕೊಂಡಿದ್ದೆ ಅಂದುಕೊಂಡಿದ್ದೆ. ಈಗ ಅನುಮಾನ.

ಎದ್ದು ಸೀಮೆಸುಣ್ಣದ ಗೆರೆ ಎಳೆದೆ. ಶಹಬಾಜ ಬಂದ. ಮಧ್ಯಾಹ್ನಕ್ಕೆ ಮೂರನೆಯದೂ ಕೂತಿತು. ಛಾವಣಿಯಲ್ಲಿ ಬೆಕ್ಕು ಮಲಗಲೂ ಜಾಗವಿಲ್ಲ.

ಫೆಬ್ರುವರಿ 17, ಸೋಮವಾರ

ನಿನ್ನೆ ರಾತ್ರಿ ಮತ್ತೆ ಅವರ ಮನೆ ಮುಂದೆ ಪರೀಕ್ಷೆ. ಬೆಳಕು ಹರಿದರೂ ಬ್ಯಾಟರಿಯಲ್ಲಿ ಇನ್ನೂ ಉಳಿದಿತ್ತು. ಪಾಸು.

ಬೇನಜೀರ ಒಪ್ಪಿದಳು. ಷರತ್ತು — ಸಣ್ಣ ಸಿಲಿಂಡರ್ ಜೊತೆಗಿರಬೇಕು. ಮಷೀನು ನಿಂತರೆ ಸಿಲಿಂಡರ್ ಹಚ್ಚಿ ಸೀದಾ ಬ್ಯಾಡಗಿಗೆ. ದಾರಿ ಅರ್ಧ ಗಂಟೆ.

ಹಜರತಅಲಿ ಇವತ್ತು ಹಗಲಿನಲ್ಲಿ ಛಾವಣಿ ನೋಡಿದ. ಅಂಗಳದಲ್ಲಿ ನಿಂತು, ಗೋಡೆ ಹಿಡಿದು. ಬಹಳ ಹೊತ್ತು.

“ಎಲ್ಲಿ ಮಲಗತೀಯೋ ಡ್ರೈವರ್?”

“ಕೆಳಗ. ನಿನ್ನ ಬಾಜೂಕ.”

“ಕತಿ?”

“ನೀ ಹೇಳಿದ್ರ ಕೇಳತೇನಿ. ಇಲ್ಲಂದ್ರ ಇಲ್ಲ.”

“ಹೂಂ,” ಅಂದ. ಯಾವ ಹೂಂ ಅದು, ಗೊತ್ತಾಗಲಿಲ್ಲ.

ಫೆಬ್ರುವರಿ 22, ಶನಿವಾರ. ಕರೇಕಟ್ಟಿ. ಮಧ್ಯಾಹ್ನ 12

ಬಂದೆವು!

ನಾನು, ಜಯವ್ವ, ಹಜರತಅಲಿ. ಪಿಕಪ್ಪಿನಲ್ಲಿ ಅವನು ನನ್ನ ಪಕ್ಕ. ಕಾಗಿನೆಲೆ ದಾಟಿದ ಮೇಲೆ ತಿರುವು ತಿರುವಿಗೂ ಹಳೆಯ ಪ್ಯಾಸೆಂಜರುಗಳ ಹೆಸರು ಹೇಳಿದ. ಯಾರು ಎಲ್ಲಿ ಹತ್ತುತ್ತಿದ್ದರು, ಯಾರ ಆಡಿಗೆ ಟಿಕೇಟು ತೆಗೆಸಲು ಜಗಳ ಆಗಿತ್ತು. ಊರು ಬಂದಾಗ ಕಿಟಕಿಯಿಂದ ಕೈ ಚಾಚಿ ಬಾಗಿಲ ತಗಡು ಬಡಿದ. ಒಂದು ಸಲ. ನಿಲ್ಲಿಸು ಅಂತ. ಕಾಲು ತಾನಾಗಿ ಬ್ರೇಕ್ ಒತ್ತಿತು.

ಹಳೆಯ ವಸ್ತಿ ಜಾಗದಲ್ಲೇ ನಿಲ್ಲಿಸಿದ್ದೇನೆ, ಊರ ಹೊರಗಿನ ಬಯಲು. ನೆರಳಿಲ್ಲ. ನಿನ್ನೆ ರಾತ್ರಿ ಇನ್ನೊಮ್ಮೆ ಮಷೀನು ನಡೆಸಿ ನೋಡಿ ಬ್ಯಾಟರಿ ಬರಿದಾಗಿತ್ತು; ಬೆಳಗಿನ ದಾರಿಯಲ್ಲಿ ಮಂಜು, ಇನ್ನೂ ಕಾಲು ಭಾಗವೂ ತುಂಬಿಲ್ಲ. ಈಗ ಬಿಸಿಲು ಬೆಂಕಿ. ಸಂಜೆಗೆ ತುಂಬೀತು.

ತಿರಕಪ್ಪನ ಸೊಸೆ ಉಚ್ಚಂಗೆವ್ವ ಓಡಿ ಬಂದಳು. ತಲೆ ಪೂರಾ ಬೆಳ್ಳಗಾಗಿದೆ. ಅದೇ ದನಿ. “ಡ್ರೈವರಣ್ಣಾರ, ಬಸ್ಸು ಭಾಳ ಲೇಟಾತಲ್ರಿ.”

ಊರಿನ ಟ್ರಾನ್ಸ್‌ಫಾರ್ಮರ್ ಸುಟ್ಟು ಎರಡು ದಿನವಂತೆ, ಕರೆಂಟಿಲ್ಲ. ನಮ್ಮದು ಸೋಲಾರ್ ಅಂತ ಕೇಳಿದ್ದೇ ತಡ ಮೊಬೈಲು ಹಿಡಿದು ಮಂದಿ ಬಂದರು. ಒಳಗಿನ ಪ್ಲಗ್ಗುಗಳಲ್ಲಿ ಹಣ್ಣು ಬಿಟ್ಟಂತೆ ಮೊಬೈಲು ತೂಗುತ್ತಿವೆ. ಇರಲಿ. ಬಿಸಿಲೇನು ಕಡಿಮೆ.

ಉಚ್ಚಂಗೆವ್ವನ ಮನೆಗೆ ಊಟಕ್ಕೆ ಕರೆ. ಹಜರತಅಲಿಯನ್ನು ಗಾಲಿಕುರ್ಚಿಯಲ್ಲಿ ಕರೆದೊಯ್ಯುತ್ತೇನೆ, ಸಿಲಿಂಡರ್ ಮಡಿಲಲ್ಲಿ. ಜಯವ್ವ ಬೇಗ ಉಂಡು ಡಬ್ಬಿ ಕಾಯಲು ಬರುತ್ತಾಳೆ.

ಅದೇ ದಿನ. ಸಂಜೆ 6

ಕತ್ತಲಾಗುವ ಮೊದಲು ಬರೆಯುತ್ತೇನೆ. ಬರೆದರೆ ಸಮಾಧಾನ.

ತಿರಕಪ್ಪನ ಕಟ್ಟೆಯ ಮೇಲೆ ಮಾತಿಗೆ ಕೂತವರಿಗೆ ಹೊತ್ತು ಹೋದದ್ದು ತಿಳಿಯಲಿಲ್ಲ. ವಾಪಸ್ ಬಂದಾಗ ನಾಲ್ಕು ದಾಟಿತ್ತು. ಸ್ಕ್ರೀನು ನೋಡಿದೆ. ಬಿಸಿಲು ಬರುತ್ತಿರುವುದು — ಸೊನ್ನೆ. ಬ್ಯಾಟರಿ ಅರ್ಧಕ್ಕೂ ಕೆಳಗೆ. ವೈರು ಎಳೆದು ನೋಡಿದೆ, ಗಟ್ಟಿ ಇದೆ. ಏಣಿ ಹತ್ತಿದೆ.

ಛಾವಣಿ ಕೆಂಪು. ಒಂದು ತುದಿಯಿಂದ ಇನ್ನೊಂದು ತುದಿಗೆ, ಕರಿ ಗಾಜು ಒಂದಿಂಚೂ ಕಾಣದ ಹಾಗೆ ಮೆಣಸಿನಕಾಯಿ.

“ಏನಿದು?”

ಜಯವ್ವ ಕೆಳಗಿನಿಂದ ಖುಷಿಯಲ್ಲಿ ಹೇಳಿದಳು. “ಉಚ್ಚಂಗೆವ್ವ ಬುಟ್ಟಿ ತುಂಬ ಕೊಟ್ಟಾಳ್ರಿ. ಇನ್ನೂ ಹಸೀ ಐತಿ. ಕಟ್ಟಿ ಇಟ್ರ ಬೂಷ್ಟ ಹಿಡೀತಿತ್ತು. ನೆಲಕ್ಕ ಹಾಕಿದ್ರ ಕೋಳಿ ಕಾಟ. ಮ್ಯಾಲ ನೋಡಿದೆ — ಅಷ್ಟ ಚಂದ ಕರೀ ಹಾಸು, ಕಾದ ಕೆಂಡ ಆಗಿತ್ತು. ಒರಸಿ ಹರವಿದೆ. ಒಂದ ಮಧ್ಯಾಹ್ನಕ್ಕ ಹೆಂಗ ಗಲಗಲ ಅನ್ನಾಕತ್ತಾವು ನೋಡ್ರಿ.”

ನಿಜವಾಗಿಯೂ ಗಲಗಲ ಅನ್ನುತ್ತಿದ್ದವು. ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಒಣಗಿದ ಮೆಣಸಿನಕಾಯಿ ಕಂಡಿಲ್ಲ.

ಏನಾಯಿತೆಂದು ಹೇಳಿದೆ. ಅವಳ ಮುಖ ಇಳಿದುಹೋಯಿತು. ಸೀರೆ ಕಟ್ಟಿ ತಾನೇ ಹತ್ತಿ ಎರಡು ಕೈಯಲ್ಲಿ ಬಾಚಿ ಬಾಚಿ ಬುಟ್ಟಿಗೆ ತುಂಬಿದಳು. ಆಗಲೇ ಹೊತ್ತು ಗುಡ್ಡದ ಹಿಂದೆ ಜಾರುತ್ತಿತ್ತು. ಮುದುಕಿ ಬೈದದ್ದು ಸುಮ್ಮನೆ ಅಲ್ಲ.

ಶಹಬಾಜನಿಗೆ ಫೋನ್. ನಗು ನುಂಗುತ್ತಿದ್ದನೋ ಏನೋ. “ಕಾಕಾ, ಮಷೀನ್ ಒಂದ ನಡೀಬೇಕು. ಫ್ರಿಜ್ಜು, ಫ್ಯಾನು, ಲೈಟು, ಮೊಬೈಲು ಎಲ್ಲಾ ಬಂದ್. ಹಂಗ ಮಾಡಿದ್ರ ಮುಂಜಾನಿ ಮುಟ್ಟಿದ್ರ ಮುಟ್ಟೀತು. ಖಾತ್ರಿ ಹೇಳಾಂಗಿಲ್ಲ.”

“ಹೊಂಡೂಣು,” ಅಂದೆ ಹಜರತಅಲಿಗೆ. “ಬ್ಯಾಡಗಿಗೆ ಹೋಗಿಬಿಡೂಣು. ಇನ್ನೊಮ್ಮೆ ಬಂದ್ರಾತು.”

ಕುರ್ಚಿಯಲ್ಲಿ ಕೂತು ಸೀಟಿ ತಿರುಗಿಸುತ್ತಿದ್ದ.

“ವಸ್ತಿ ಬಸ್ಸು ರಾತ್ರಿ ವಾಪಸ್ ಹೋದದ್ದು ಯಾವಾಗರ ನೋಡೀಯೇನ?” ಅಂದ. “ಐದೂವರೆಗೆ ಬಿಡೂಣು. ಸಿಲಿಂಡರ್ ಐತಿ. ಹೆದರಬ್ಯಾಡ.”

ಬೇನಜೀರಳಿಗೂ ಫೋನಿನಲ್ಲಿ ಅವನೇ ಹೇಳಿದ. ಒಂದನ್ನೂ ಮುಚ್ಚಿಡದೆ, ಮೆಣಸಿನಕಾಯಿ ಸಮೇತ. ಸಿಲಿಂಡರ್ ತುಂಬಿದೆಯೇ ಅಂತ ಅವಳು ಎರಡು ಸಲ ಕೇಳಿದಳು. ಆಮೇಲೆ, “ನಿಂತ ಕೂಡ್ಲೇ ಹೊಂಡಬೇಕು ಅಬ್ಬಾ.”

ಫ್ರಿಜ್ ಆರಿಸಿದೆ. ಮೊಬೈಲುಗಳನ್ನು ಒಂದೊಂದಾಗಿ ಕಿತ್ತು ಅವರವರಿಗೆ ಕೊಟ್ಟೆ. ಯಾಕೆ ಅಂತ ಕೇಳಿದರು. ಹೇಳಿದೆ. ಯಾರೂ ಗೊಣಗಲಿಲ್ಲ. ಯಾರೂ ಮನೆಗೂ ಹೋಗಲಿಲ್ಲ.

ಜಯವ್ವ ಲೈಟು ತಾನೇ ಆರಿಸಿದಳು. “ನಮಗ್ಯಾಕ ಬೆಳಕು,” ಅಂದಳು.

ಇನ್ನು ಬರೆಯಲು ಕಾಣುವುದಿಲ್ಲ.

ಫೆಬ್ರುವರಿ 23, ಭಾನುವಾರ. ಬೆಳಿಗ್ಗೆ 7

ಸ್ಟೇರಿಂಗ್ ಮೇಲೆ ಇಟ್ಟು ಬರೆಯುತ್ತಿದ್ದೇನೆ. ಮರೆಯುವ ಮೊದಲು.

ನಿನ್ನೆ ಮಸುಕು ಇಳಿಯುವ ಹೊತ್ತಿಗೆ ಕತೆ ಶುರುವಾಯಿತು. ಹಜರತಅಲಿ ಒಳಗಿನ ಮಂಚದ ಮೇಲೆ ಒರಗಿ ಕೂತಿದ್ದ, ನಳಿಗೆ ಮೂಗಿಗೆ. ಪಕ್ಕದಲ್ಲಿ ನಾನು. ಬಾಗಿಲು ತೆರೆದಿತ್ತು. ಹೊರಗೆ ಬಯಲಿನಲ್ಲಿ ಉಚ್ಚಂಗೆವ್ವ, ಜಯವ್ವ, ಮೊಬೈಲು ವಾಪಸ್ ಪಡೆದ ಮಂದಿ, ಎಲ್ಲರೂ ನೆಲದ ಮೇಲೆ. ಒಂದು ದೀಪವಿಲ್ಲ.

ಯಾರೂ ಹೇಳು ಅನ್ನಲಿಲ್ಲ. ಅವನೇ ಮೇಲೆ ನೋಡಿದ, ತಗಡಿನ ಕಡೆ.

“ಬಸ್ಸಿನ ಮ್ಯಾಲ ಹೇಳಬೇಕು ಅಂದಿದ್ದೆ. ಇರ್ಲಿ. ಮ್ಯಾಲಿನ ಜಾಗ ನನಗ ಕೊಟ್ಟಾನ ಈ ಡ್ರೈವರ್, ಉಸರ ಆಡ್ಲಿ ಅಂತ. ಆ ಜಾಗದ ಉಸರಿಲೆ ಹೇಳತೇನಿ. ಅದೂ ಮ್ಯಾಲ ಹೇಳಿದಾಂಗ ಆತು.”

ಕತ್ತಲಿದ್ದದ್ದು ಒಳ್ಳೆಯದಾಯಿತು.

“ಬಾಗಲ ಬಡದ ಸಪ್ಪಳ ಆತು. ಅಲ್ಲಿಗೇ ಅಲ್ಲೇನ ನೀ ಮಲಗಿದ್ದು?”

“ಹೂಂ.”

“ಮುದುಕಿ ಕೇಳಿದ್ಲು, ಯಾರಪಾ? ಹೊರಗಿನಿಂದ, ಅವ್ವಾ, ದಾರಿ ಕಾಣವಲ್ದು, ಚೂರು ಬೆಳಕ ಕೊಡು, ಅಂತ ದನಿ ಬಂತು. ಮುದುಕಿ ಯೋಚನಿ ಮಾಡಲಿಲ್ಲ. ಗಡಿಗಿ ತಂದು ಮುಚ್ಚಳ ತಗದ್ಲು. ಹೂಂ ಅನ್ರೋ.”

“ಹೂಂ,” ಅಂದಿತು ಬಯಲು. ಮಷೀನೂ ಅನ್ನುತ್ತಲೇ ಇತ್ತು.

“ಆ ಬೆಳಕಿನ್ಯಾಗ ನೋಡಿದ್ರ — ಬಾಗಲದಾಗ ನಿಂತಾಂವ ಸೂರ್ಯಾ. ತೊಯ್ದು ತೊಪ್ಪಿ ಆಗ್ಯಾನ. ಮೈಮ್ಯಾಲ ಹರಕ ಕಂಬಳಿ. ನಡುಗಾಕತ್ತಾನ. ಮೋಡದಾಗ ದಾರಿ ತಪ್ಪಿ... ಮೂಡಲ ಎಲ್ಲಿ ಅಂತ ಮರತಾನ.”

ಉಸಿರು ತೆಗೆದುಕೊಂಡ. ಎಲ್ಲರೂ ಕಾದರು.

“ಸೂರ್ಯಾ ಗಡಿಗಿ ನೋಡಿ ಕೇಳ್ದ. ಅವ್ವಾ, ನಾ ಕೊಟ್ಟಿದ್ದು ಒಂದ ಬೊಗಸಿ. ಇದು ಗಡಿಗಿ ತುಂಬ ಐತಲ್ಲ? ಮುದುಕಿ ಅಂದ್ಲು. ದಿನಾ ನನ್ನ ಅಂಗಳಕ್ಕ ಬರೂ ಬಿಸಲಾಗ ಒಂದೀಟು ತಗದ ಇಟ್ಟೆ. ಯಾರರ ಬಂದಾರು ಅಂತ.”

“ಹೂಂ.”

“ಸೂರ್ಯಾ ಅದನ್ನ ಎರಡೂ ಕೈಲೆ ಮುಖಕ್ಕ ಹಚಗೊಂಡ. ದಾರಿ ಕಾಣಸ್ತು. ಹೋದ. ಮುದುಕಿ ಬರೇ ಗಡಿಗಿ ಬೋರಲ ಹಾಕಿ ಮಲಗಿದ್ಲು. ಅವತ್ತ ಹೊತ್ತ ಹೊಂಟಾಗ ಮೊದಲನೇ ಕಿರಣ ಆಕಿ ಮನಿ ಮಾಳಿಗಿ ಮ್ಯಾಲ ಬಿತ್ತು. ಇವತ್ತಿಗೂ ಈ ಊರಾಗ ಮೊದಲ ಅಲ್ಲೇ ಬೀಳೂದು. ಆತು. ಮುಗೀತು ಡ್ರೈವರ್. ಎಚ್ಚರ ಇದ್ದೀಯೇನ?”

“ಇದ್ದೇನೋ.”

“ಮೂವತ್ತೆರಡು ವರ್ಷಕ್ಕ ಒಮ್ಮೆ ಎಚ್ಚರ.”

ಬಯಲೆಲ್ಲ ನಕ್ಕಿತು. ಉಚ್ಚಂಗೆವ್ವ ಮಾತ್ರ ಸೆರಗು ಕಣ್ಣಿಗೆ ಒತ್ತಿಕೊಂಡಿದ್ದಳು. “ನಮ್ಮ ಮಾವಾರು ಮಾಳಿಗಿ ಅಂತಿದ್ದಿಲ್ಲ. ಬಸ್ಸಿನ ಮ್ಯಾಲ ಬಿತ್ತು ಅಂತಿದ್ರು,” ಅಂದಳು. “ಯಾರ ಕೇಳಾಕ ಕುಂತಾರೋ ಅವರ ಮ್ಯಾಲ.”

ಅವಳಿಗೆ ಕತೆ ಗೊತ್ತಿತ್ತು! ಕೇಳಿದ್ದರೆ ಎಂದೋ ಹೇಳುತ್ತಿದ್ದಳು. ಹಜರತಅಲಿಯನ್ನು ನೋಡಿದೆ. ಕಣ್ಣು ಮುಚ್ಚಿ ನಗುತ್ತಿದ್ದ. ಅದು ಅವನಿಗೂ ಗೊತ್ತಿತ್ತು.

ಮಂದಿ ಎದ್ದು ಹೋದರು. ಅವನು ನಿದ್ದೆ ಹೋದ. ನಾನು ಹೋಗಲಿಲ್ಲ. ಹೂಂ ಕೇಳುತ್ತಾ ಕೂತೆ. ಎಚ್ಚರವಾದಾಗ — ಸುಳ್ಳು ಯಾಕೆ, ಹೋಗಿದ್ದೆ — ಬಾಗಿಲಲ್ಲಿ ಬೂದಿ ಬಣ್ಣದ ಬೆಳಕು, ಮೈಮೇಲೆ ಕಂಬಳಿ. ಮಷೀನು ಹೂಂ ಅನ್ನುತ್ತಿತ್ತು. ಸ್ಕ್ರೀನಿನಲ್ಲಿ ಕೊನೆಯ ಗೆರೆ ಮಿಣುಕುತ್ತಿತ್ತು. ಹಜರತಅಲಿ ಎದ್ದು ಕೂತಿದ್ದ, ಅವನ ಮಂಚದ ಮೇಲೆ ಕಂಬಳಿಯಿಲ್ಲ.

“ಐದೂವರೆ ಆಗಿ ಹೋತು. ಲೇಟು,” ಅಂದ.

ಆಗ ಮೇಲೆ ಸದ್ದು. ತಗಡಿನ ಮೇಲೆ ಯಾರೋ ನಡೆದ ಹಾಗೆ. ಹೊರಗೆ ಬಂದೆ. ನಿನ್ನೆ ಕತೆ ಕೇಳಿದವರೆಲ್ಲ ಬಂದಿದ್ದರು. ಒಬ್ಬರ ಕೈಯಲ್ಲೂ ಮೊಬೈಲಿಲ್ಲ. ಉಚ್ಚಂಗೆವ್ವ ಏಣಿಯ ತುದಿಯಲ್ಲಿ, ಒದ್ದೆ ಬಟ್ಟೆ ಹಿಡಿದು ಪ್ಯಾನೆಲ್ ಒರೆಸುತ್ತಿದ್ದಳು. ಜಯವ್ವ ಮೇಲೆ ಅಂಚಿನಲ್ಲಿ ಕೂತು, ಸಂದಿಯಲ್ಲಿ ಸಿಕ್ಕ ಮೆಣಸಿನ ಬೀಜ ಒಂದೊಂದೇ ಆಯುತ್ತಿದ್ದಳು. ಉಳಿದವರು ಕೆಳಗಿನಿಂದ ನೀರಿನ ಕೊಡ ಕೈಯಿಂದ ಕೈಗೆ ದಾಟಿಸುತ್ತಿದ್ದರು. ಎಲ್ಲರ ಮುಖ ಮೂಡಲ ಕಡೆ.

ಬಿಸಿಲು ಬಿತ್ತು. ಮೊದಲು ಯಾವುದರ ಮೇಲೆ ಅಂತ ನಾನು ಬರೆಯಬೇಕಿಲ್ಲ. ಸ್ಕ್ರೀನಿನ ಸೊನ್ನೆ ಒಂದಾಯಿತು, ಆಮೇಲೆ ಏರುತ್ತಾ ಹೋಯಿತು.

ಹಜರತಅಲಿ ಪಕ್ಕದ ಸೀಟಿಗೆ ಬಂದು ಕೂತಿದ್ದಾನೆ. ಸಿಲಿಂಡರ್ ಮಡಿಲಲ್ಲಿ, ಮುಟ್ಟಿಲ್ಲ. ಇನ್ನು ಅವನ ಮನೆಗೆ ಹೋಗಲು ನನ್ನ ಹತ್ತಿರ ನೆಪವಿಲ್ಲ. ಕೇಳಿದೆ, ಇನ್ನ್ಯಾವ ಕತೆ ಉಳಿಸಿದ್ದೀ ಅಂತ. ಕಿಟಕಿಯಿಂದ ಕೈ ಹೊರಗೆ ಹಾಕಿ ತಗಡು ಬಡಿದ. ಎರಡು ಸಲ. ಅಂದರೆ ರೈಟ್, ಹೊರಡು. ಇನ್ನು ತಡ ಮಾಡಿದರೆ ಕಂಡಕ್ಟರ್ ಬೈಯುತ್ತಾನೆ.